ಪ್ಯಾರಾಚೂಟಿಗೆ ಪೌಡರು, ಒರಳಿಗೆ ಬಿಸಿಲು

ಅಮ್ಮ ಫೋನಿನಲ್ಲಿ ಮೊದಲು ಕೇಳೋದು ಊಟ ಆಯ್ತಾ ಅಂತ ಅಲ್ಲ. "ಇವತ್ತಾದ್ರೂ ಹೊತ್ತು ಹುಟ್ತಾ?" ಡಿಸೆಂಬರ್ ಎರಡನೇ ವಾರದಿಂದ ಇದೇ ಪ್ರಶ್ನೆ. ಇಲ್ಲಮ್ಮ ಅಂದರೆ ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ, "ಅದೆಂಥ ಊರು ಸೇರ್ಕೊಂಡೆ ತಾಯಿ!"

ಊರು ಕಿರೂನಾ. ಸ್ವೀಡನ್ನಿನ ಉತ್ತರದ ತುದಿ, ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲೆ. ಗೌರಿಬಿದನೂರು ಪಕ್ಕದ ಹಳ್ಳಿಯಿಂದ ಬಾಹ್ಯಾಕಾಶ ತಂತ್ರಜ್ಞಾನ ಓದೋಕೆ ಅಂತ 2025ರ ಆಗಸ್ಟ್ ಕೊನೆಗೆ ಇಲ್ಲಿಗೆ ಬಂದಿಳಿದೆ. ನಾನು ಬರುವ ಸ್ವಲ್ಪ ಮುಂಚೆಯಷ್ಟೇ ಇಲ್ಲಿನ 1912ರ ಮರದ ಚರ್ಚನ್ನು ಇಡಿಯಾಗಿ ಎತ್ತಿ, ಗಾಲಿಗಳ ಮೇಲೆ ಕೂರಿಸಿ, 5 ಕಿಲೋಮೀಟರ್ ದೂರಕ್ಕೆ ಸಾಗಿಸಿದ್ದರು. ಕೆಳಗಿನ ಕಬ್ಬಿಣದ ಗಣಿಯಿಂದ ನೆಲ ಕುಸಿಯುತ್ತಿದೆ, ಅದಕ್ಕೇ ಊರೇ ಜಾಗ ಬದಲಿಸುತ್ತಿದೆ. ಕೆಜಿಎಫ್ ಕಡೆಯವರಿಗೆ ಇದನ್ನು ಹೇಳಿದರೆ ಏನನ್ನುತ್ತಾರೋ. ಅಲ್ಲಿ ಗಣಿ ಮುಚ್ಚಿದ ಮೇಲೆ ಊರು ಇದ್ದಲ್ಲೇ ಉಳಿಯಿತು.

ಕತ್ತಲೆ ಅಂದರೆ ಅಮಾವಾಸ್ಯೆಯ ಕಗ್ಗತ್ತಲೆ ಅಂತ ತಿಳ್ಕೋಬೇಡಿ. ಡಿಸೆಂಬರ್ 21ರ ನಡುಮಧ್ಯಾಹ್ನ ಇಲ್ಲಿ ಸೂರ್ಯ ಇರೋದು ದಿಗಂತಕ್ಕಿಂತ ಒಂದೂಕಾಲು ಡಿಗ್ರಿಯಷ್ಟು ಕೆಳಗೆ ಮಾತ್ರ. ಬಾಗಿಲ ಸಂದಿನಿಂದ ಇಣುಕಿ ಒಳಗೆ ಬಾರದ ನೆಂಟನ ಹಾಗೆ. ಹನ್ನೊಂದರಿಂದ ಒಂದು ಗಂಟೆವರೆಗೆ ಹಿಮವೆಲ್ಲ ನೀಲಿ ಅದ್ದಿದ ಬಿಳಿ ಪಂಚೆಯಂತೆ ಕಾಣುತ್ತೆ, ದಕ್ಷಿಣದ ಅಂಚಿನಲ್ಲಿ ಒಂದಿಷ್ಟು ಕುಂಕುಮ. ಅಷ್ಟೇ, ಮತ್ತೆ ದೀಪ. ಅದೇ ದಿನ ಗೌರಿಬಿದನೂರಿನ ನಡುಮಧ್ಯಾಹ್ನಕ್ಕೆ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ, ವರ್ಷದ ಅತಿ ಚಿಕ್ಕ ಹಗಲಿಗೂ ನಿಮಗೆ 11 ಗಂಟೆ 20 ನಿಮಿಷದಷ್ಟು ಬೆಳಕು. ಇಷ್ಟಕ್ಕೂ ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರ. ಚಳಿಗೆ ದೂರ ಕಾರಣವಲ್ಲ, ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡಿರೋ ಭೂಮಿಯ ಅಚ್ಚು ಕಾರಣ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಮೈಗೆ ತಗುಲಿದ್ದು ಇಲ್ಲಿ, ಮೈನಸ್ 24ರಲ್ಲಿ.

ಇನ್ನು ರಾಕೆಟ್ ವಿಷಯ. ಕಿರೂನಾದಿಂದ 40 ಕಿಲೋಮೀಟರ್ ಆಚೆ ಎಸ್ರೇಂಜ್ ಎಂಬ ಉಡಾವಣಾ ನೆಲೆ ಇದೆ. 1966ರಿಂದ ಕೆಲಸ ಮಾಡುತ್ತಿದೆ. ಇಷ್ಟು ಮೇಲೆ ಯಾಕೆ ಕಟ್ಟಿದರು ಅಂದರೆ, ಧ್ರುವಪ್ರಭೆ ಕುಣಿಯುವ ಪಟ್ಟಿ ಸರಿಯಾಗಿ ಇದರ ನೆತ್ತಿ ಮೇಲೇ ಬರುತ್ತೆ. ನಮ್ಮವರು 1963ರಲ್ಲಿ ಮೊದಲ ರಾಕೆಟ್ ಹಾರಿಸೋಕೆ ಕೇರಳದ ತುಂಬಾ ಹಳ್ಳಿಯನ್ನು ಆರಿಸಿದ್ದೂ ಇಂಥದೇ ಲೆಕ್ಕದಲ್ಲಿ: ಭೂಮಿಯ ಕಾಂತೀಯ ಸಮಭಾಜಕ ಅದರ ಹತ್ತಿರ ಹಾದುಹೋಗುತ್ತೆ. ಎರಡೂ ಕಡೆ ಆಕಾಶವೇ ಜಾಗ ತೋರಿಸಿದ್ದು.

ಎಸ್ರೇಂಜ್‌ನಲ್ಲಿ ವಿದ್ಯಾರ್ಥಿಗಳಿಗೂ ಅವಕಾಶ ಇದೆ. 2023ರ ಏಪ್ರಿಲಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಹುಡುಗರು ತಾವೇ ಕಟ್ಟಿದ ಹೈಬ್ರಿಡ್ ರಾಕೆಟನ್ನು ಇಲ್ಲಿಂದ 64 ಕಿಲೋಮೀಟರ್ ಮೇಲಕ್ಕೆ ಕಳಿಸಿದರು. ಹೈಬ್ರಿಡ್ ಅಂದರೆ ಇಂಧನ ಘನ, ಅದನ್ನು ಉರಿಸೋ ಆಕ್ಸಿಡೈಸರ್ ದ್ರವ. ನಳ ತಿರುಗಿಸಿ ನಿಲ್ಲಿಸಿದರೆ ಬೆಂಕಿಯೂ ನಿಲ್ಲುತ್ತೆ, ಹಾಗಾಗಿ ವಿದ್ಯಾರ್ಥಿಗಳಿಗೆ ಪ್ರೀತಿ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2019ರಲ್ಲೇ 100 ಕಿಲೋಮೀಟರಿನ ಬಾಹ್ಯಾಕಾಶ ಗಡಿ ದಾಟಿದ್ದರು, 2024ರಲ್ಲಿ 143 ಮುಟ್ಟಿದರು. ಓದೋ ಹುಡುಗರ ಕೈಕೆಲಸ ಇದು, ಸರ್ಕಾರದ್ದಲ್ಲ.

ನಮ್ಮ ತಂಡದ್ದು ಇವರ ಮುಂದೆ ದೀಪಾವಳಿ ಬಾಣ. ಎರಡು ಮೀಟರ್ ಉದ್ದ, ಒಂದು ಕಿಲೋಮೀಟರ್ ಎತ್ತರದ ಗುರಿ. ಹಿಮ ಕರಗಿದ ಮೇಲೆ, ಪರವಾನಗಿ ತಗೊಂಡು ಹಾರಿಸೋದು. ಬಾಣ ಅಂದೆನಲ್ಲ, ಒಂದಿನ ಮೋಟಾರಿನ ಲೋಹದ ಕವಚದ ಮಾತು ಬಂದಾಗ ಪೋಲೆಂಡಿನ ಹುಡುಗ ರಾಕೆಟ್ ಚರಿತ್ರೆಯನ್ನು ಇಂಗ್ಲೆಂಡಿನ ಕಾಂಗ್ರೀವನಿಂದ ಶುರುಮಾಡಿದ. ನಾನು ಬಿಡಲಿಲ್ಲ. ಕಾಂಗ್ರೀವನಿಗಿಂತ ಮುಂಚೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸಿದ್ದು ಹೈದರ್ ಮತ್ತು ಟಿಪ್ಪುವಿನ ಸೈನ್ಯ. ಹೈದರ್ ಹುಟ್ಟಿದ್ದು ನಮ್ಮ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ, ಮಗ ದೇವನಹಳ್ಳಿಯಲ್ಲಿ. ಕಾಗದ, ಬಿದಿರಿನ ಕೊಳವೆ ತಡೆಯದ ಒತ್ತಡವನ್ನು ಕಬ್ಬಿಣ ತಡೆಯಿತು, ಅದಕ್ಕೇ ಬಾಣ ಅಷ್ಟು ದೂರ ಹೋಯಿತು. 1780ರ ಪೊಳ್ಳಿಲೂರು ಕದನದಲ್ಲಿ ಪೆಟ್ಟು ತಿಂದ ಇಂಗ್ಲಿಷರಿಗೆ ಇದರ ರುಚಿ ಸಿಕ್ಕಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳು ಸಿಕ್ಕವು ಅಂತ ಹೇಳಿ ಫೋಟೋನೂ ತೋರಿಸಿದೆ. ಹುಡುಗ ತಲೆದೂಗಿದ. ಆವತ್ತಿಂದ ಮೋಟಾರಿನ ಕಪಾಟಿನ ಮೇಲೆ ಯಾರೋ ರೋಮನ್ ಅಕ್ಷರದಲ್ಲಿ "ಬೂದಿಕೋಟೆ" ಅಂತ ಬರೆದಿದ್ದಾರೆ.

ನನ್ನ ಪಾಲಿನ ಕೆಲಸ ಪ್ಯಾರಾಚೂಟ್. ರಾಕೆಟ್ ಹಾರಿಸೋದು ಸುಲಭ, ಅದನ್ನ ಒಂದೇ ತುಂಡಾಗಿ ಇಳಿಸೋದೇ ಕಷ್ಟ. ನೆತ್ತಿ ಮುಟ್ಟಿದ ಹೊತ್ತಿಗೆ ಸಣ್ಣ ಪಟಾಕಿಯಷ್ಟು ಮದ್ದು ಸಿಡಿದು ಮೂತಿ ಬಿಚ್ಚಿಕೊಳ್ಳಬೇಕು, ಒಳಗಿಂದ ಪ್ಯಾರಾಚೂಟ್ ಹೊರಗೆ ಬರಬೇಕು. ಡಿಸೆಂಬರ್ 19ಕ್ಕೆ ಹೊರಗಡೆ ಹಿಮದ ಮೇಲೆ ಇದರ ಪರೀಕ್ಷೆ. ಮೊದಲು ಬ್ಯಾಟರಿ ಕೈಕೊಟ್ಟಿತು, ಆ ಚಳಿಗೆ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ನೆಲಕಚ್ಚುತ್ತೆ. ಅದನ್ನು ಜೇಬಲ್ಲಿಟ್ಟು ಬೆಚ್ಚಗೆ ಮಾಡಿ ಮತ್ತೆ ಜೋಡಿಸಿದೆವು. ಮದ್ದು ಸಿಡಿಯಿತು, ಮೂತಿ ಹಾರಿತು. ಪ್ಯಾರಾಚೂಟ್ ಮಾತ್ರ ಇಸ್ತ್ರಿ ಅಂಗಡಿಯಿಂದ ಬಂದ ಪಂಚೆಯ ಹಾಗೆ ಮಡಿಕೆ ಬಿಚ್ಚದೆ ಥಪ್ ಅಂತ ಹಿಮದ ಮೇಲೆ ಬಿತ್ತು. ಮಡಿಸಿದವಳು ನಾನೇ. ಹಿಂದಿನ ರಾತ್ರಿ ರಾಕೆಟನ್ನು ಹೊರಗಿಟ್ಟು ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳೋ ಹಾಗೆ ಮಾಡಿದವಳೂ ನಾನೇ.

"ಪೌಡರ್ ಇದ್ಯಾ?" ಅಂದಳು ನಮ್ಮ ತಂಡದ ಹಿರಿಯಳು, ಇರಾನಿನ ಹುಡುಗಿ. ನಾನು ಮದ್ದಿನ ಪುಡಿ ಅಂದುಕೊಂಡೆ. ಅಲ್ಲ, ಮುಖಕ್ಕೆ ಹಚ್ಚೋ ಪೌಡರು! ಚಳಿಯಲ್ಲಿ ಪ್ಯಾರಾಚೂಟಿನ ಮಡಿಕೆಗಳು ಅಂಟದಿರಲಿ ಅಂತ ಟಾಲ್ಕಂ ಪೌಡರ್ ಉದುರಿಸೋದು ರಾಕೆಟ್ ಹುಡುಗರ ಹಳೇ ರೂಢಿಯಂತೆ. ಅಮ್ಮ ಆಗಸ್ಟಿನಲ್ಲಿ ನಾನು ಬೇಡ ಬೇಡ ಅಂದರೂ ಸೂಟ್‌ಕೇಸಿನ ಮೂಲೆಗೆ ತುರುಕಿದ್ದ ಡಬ್ಬಿ ಮುಚ್ಚಳ ತೆಗೆಯದೆ ಕೂತಿತ್ತು. ಓಡಿಹೋಗಿ ತಂದೆ. ಎರಡನೇ ಸಲ ಕೆಂಪು ಬಟ್ಟೆ ಬುಸ್ ಅಂತ ಬಿಚ್ಚಿಕೊಂಡಿತು, ಜೊತೆಗೊಂದು ಬಿಳಿ ಮೋಡ. ಮೈನಸ್ 24ರ ಕತ್ತಲಲ್ಲಿ ಮಲ್ಲಿಗೆ ವಾಸನೆ. ನಮ್ಮೂರ ಮದುವೆ ಮನೆಯಲ್ಲಿ ನಿಂತ ಹಾಗಾಯ್ತು ನನಗೆ.

ಪ್ಯಾರಾಚೂಟ್ ಯಾವಾಗ ಬಿಚ್ಚಬೇಕು ಅಂತ ರಾಕೆಟಿಗೆ ಹೇಗೆ ಗೊತ್ತಾಗುತ್ತೆ? ಗಾಳಿಯ ಒತ್ತಡ ಅಳೆಯೋ ಒಂದು ಪುಟ್ಟ ಚಿಪ್ ಇರುತ್ತೆ. ಮೇಲೆ ಹೋದಂತೆ ಒತ್ತಡ ಇಳಿಯುತ್ತೆ. ಆದರೆ ನೆತ್ತಿಯ ಹತ್ತಿರ ಬಂದಾಗ ವೇಗ ಸೊನ್ನೆಗೆ ಬರುತ್ತಲ್ಲ, ಅಲ್ಲಿಂದ ಒಂದು ಸೆಕೆಂಡ್ ಹಿಂದೆ ನೋಡಿದರೂ ಒಂದು ಸೆಕೆಂಡ್ ಮುಂದೆ ನೋಡಿದರೂ ಎತ್ತರದ ವ್ಯತ್ಯಾಸ ಬರೀ 5 ಮೀಟರ್. ತುತ್ತತುದಿ ಇದೇ ಅಂತ ಚಿಪ್ಪಿಗೆ ಆ ಕ್ಷಣದಲ್ಲಿ ಗೊತ್ತಾಗೋದೇ ಇಲ್ಲ. ಒತ್ತಡ ಮತ್ತೆ ಏರತೊಡಗಿದ ಮೇಲೆ, ಓಹೋ ಇಳಿಯೋಕೆ ಶುರುವಾಗಿದೆ, ಹಾಗಾದರೆ ತುದಿ ಆಗಲೇ ದಾಟಿತು ಅಂತ ತಿಳಿದುಕೊಳ್ಳುತ್ತೆ.

ಡಿಸೆಂಬರ್ 21ರ ಭಾನುವಾರ ಇದು ತಲೆಯಲ್ಲಿ ಸುತ್ತುತ್ತಿತ್ತು. ಈ ಸಲ ಸೂರ್ಯ ದಕ್ಷಿಣದ ಕೊನೆ ಮುಟ್ಟಿದ್ದು ನಿಮ್ಮ ಗಡಿಯಾರದಲ್ಲಿ ರಾತ್ರಿ 8 ಗಂಟೆ 33 ನಿಮಿಷಕ್ಕೆ. ಅವನೂ ಹೀಗೇ: ಹೋಗ್ತಾ ಹೋಗ್ತಾ ನಿಧಾನಿಸಿ, ನಿಂತ ಹಾಗಿದ್ದು, ತಿರುಗುತ್ತಾನೆ. ಇಂಗ್ಲಿಷರ ಸಾಲ್‌ಸ್ಟಿಸ್ ಎಂಬ ಪದದ ಲ್ಯಾಟಿನ್ ಬೇರಿಗೆ ಸೂರ್ಯ ನಿಲ್ಲೋದು ಅಂತಲೇ ಅರ್ಥ. ನಮ್ಮವರು ಅಯನ ಅಂದರು, ಅಂದರೆ ನಡಿಗೆ. ಅವರು ನಿಂತದ್ದನ್ನು ನೋಡಿದರು, ನಾವು ಹೊರಟದ್ದನ್ನು.

ಆ ರಾತ್ರಿ ಇರಾನಿನ ಗೆಳತಿಯ ಕೋಣೆಯಲ್ಲಿ ಯಲ್ದಾ. ವರ್ಷದ ಅತಿ ಉದ್ದದ ಇರುಳನ್ನು ಅವರು ಮಲಗದೆ, ದಾಳಿಂಬೆ ಕಲ್ಲಂಗಡಿ ತಿಂದು, ಹಾಫಿಜನ ಪದ್ಯ ಓದಿ ಕಳೆಯುತ್ತಾರೆ. ಇಲ್ಲಿ ಒಂದು ದಾಳಿಂಬೆಗೆ ಕೊಟ್ಟ ದುಡ್ಡನ್ನು ಚಿಕ್ಕಬಳ್ಳಾಪುರದ ತೋಟದವರಿಗೆ ಹೇಳಲಾರೆ, ಬೈತಾರೆ. ಅದಕ್ಕೂ ಒಂದು ವಾರ ಮುಂಚೆ, 13ಕ್ಕೆ, ಸ್ವೀಡನ್ನಿನವರ ಲೂಸಿಯಾ. ಬಿಳಿ ನಿಲುವಂಗಿ, ತಲೆ ಮೇಲೆ ಮೇಣದಬತ್ತಿಯ ಕಿರೀಟ, ಕೇಸರಿ ಹಾಕಿದ ಬನ್ನು. 13ನೇ ತಾರೀಖು ಯಾಕೆ ಅಂದರೆ, ಹಳೆಯ ಜೂಲಿಯನ್ ಪಂಚಾಂಗ ಋತುಗಳ ಹಿಂದೆ ಬಿದ್ದು ಬಿದ್ದು ಒಂದು ಕಾಲಕ್ಕೆ ಅತಿ ಉದ್ದದ ರಾತ್ರಿ ಆ ದಿನಕ್ಕೇ ಬಂದು ನಿಂತಿತ್ತು. 1753ರಲ್ಲಿ ಸ್ವೀಡನ್ ಪಂಚಾಂಗ ಬದಲಿಸಿತು, ಹಬ್ಬ ಮಾತ್ರ ತಾರೀಖು ಬಿಡಲಿಲ್ಲ. ಇಲ್ಲಿನ ಮೂಲನಿವಾಸಿ ಸಾಮಿ ಜನರಿಗೆ ಸೂರ್ಯ ದೇವಿ, ಹೆಸರು ಬೇಯವಿ. ಅವಳು ಚೇತರಿಸಿಕೊಂಡು ಬರಲಿ ಅಂತ ಹಿಂದೆಲ್ಲ ಬಾಗಿಲ ಚೌಕಟ್ಟಿಗೆ ಬೆಣ್ಣೆ ಸವರುತ್ತಿದ್ದರಂತೆ. ಅಮ್ಮನಿಗೆ ಇದು ಬಹಳ ಹಿಡಿಸಿತು. "ಧನುರ್ಮಾಸದಲ್ಲಿ ಆಂಜನೇಯಂಗೆ ಬೆಣ್ಣೆ ಹಾಕಲ್ವಾ ನಾವು, ಹಂಗೇ ಕಣೇ" ಅಂದಳು. ಹಂಗೇ ಅಲ್ಲ, ಆದರೆ ವಾದ ಮಾಡಲಿಲ್ಲ.

ಲೂಸಿಯಾದ ಕತೆ ಸಂಕ್ರಾಂತಿಗೂ ಇದೆ. ಸುಮಾರು 1700 ವರ್ಷದ ಹಿಂದೆ ಸೂರ್ಯ ಮಕರ ರಾಶಿಗೆ ಬರೋದೂ ಉತ್ತರಕ್ಕೆ ತಿರುಗೋದೂ ಒಂದೇ ದಿನ ಇತ್ತು. ಭೂಮಿಯ ಅಚ್ಚು ಬುಗುರಿಯ ಹಾಗೆ ಸುಮಾರು 26 ಸಾವಿರ ವರ್ಷಕ್ಕೊಮ್ಮೆ ಒಂದು ಸುತ್ತು ವಾಲಾಡುವುದರಿಂದ ಎರಡೂ ಸುಮಾರು 71 ವರ್ಷಕ್ಕೊಂದು ದಿನದಂತೆ ದೂರವಾಗುತ್ತಾ ಬಂದವು. ನಮ್ಮ ಪಂಚಾಂಗ ನಕ್ಷತ್ರಗಳ ಕೈ ಬಿಡಲಿಲ್ಲ, ಹಾಗಾಗಿ ಈಗ ಮೂರು ವಾರದ ಅಂತರ. ಇದನ್ನು ಹೇಳಿದಾಗ ಅಜ್ಜಿ ಫೋನ್ ಕಸಿದುಕೊಂಡು, "ಹಂಗಾದ್ರೆ ಸಂಕ್ರಾಂತಿ ಆದ್ಮೇಲೂ ಬೆಳಕು ಹರಿಯೋದು ಯಾಕೆ ಇನ್ನೂ ತಡ ಆಗ್ತೈತೆ?" ಅಂದಳು. ಪ್ರಶ್ನೆ ಕೇಳೋದರಲ್ಲಿ ವಿಚಾರವಾದಿ ಎಚ್. ನರಸಿಂಹಯ್ಯನವರ ತಾಲ್ಲೂಕಿನವಳು ತಾನೇ! ಅಜ್ಜಿ ಹೇಳಿದ್ದು ಸರಿ. ನಮ್ಮ ಕಡೆ ಸೂರ್ಯೋದಯ ಅತಿ ತಡವಾಗೋದು ಜನವರಿ ಕೊನೆಯ ಹೊತ್ತಿಗೆ, ಸೂರ್ಯಾಸ್ತ ಅತಿ ಬೇಗ ಆಗೋದು ನವೆಂಬರಿನಲ್ಲಿ. ಈ ದಿನಗಳಲ್ಲಿ ಸೂರ್ಯ ನಡುನೆತ್ತಿ ದಾಟೋ ಹೊತ್ತೇ ಗಡಿಯಾರದಲ್ಲಿ ಮುಂದೆ ಮುಂದೆ ಜಾರುತ್ತಿರುತ್ತೆ. ಗೌರಿಬಿದನೂರಲ್ಲಿ ಡಿಸೆಂಬರ್ 21ಕ್ಕೆ 12:18, ಸಂಕ್ರಾಂತಿಗೆ 12:29. ಹಗಲು ಉದ್ದವಾಗಿರುತ್ತೆ, ಆದರೆ ಪೂರ್ತಿ ಹಗಲೇ ತಡವಾಗಿ ಶುರುವಾಗುತ್ತೆ.

ಆಗಲೇ ಅಪ್ಪನಿಗೆ ಒಂದು ಕೆಲಸ ಹೇಳಿದೆ. ನಮ್ಮ ಹಿತ್ತಿಲ ಬಾಗಿಲು ದಕ್ಷಿಣಕ್ಕಿದೆ, ಅದಕ್ಕೆ ಸೂರು ಚಾಚಿಲ್ಲ. ಆರಡಿ ಬಾಗಿಲು. ಮಧ್ಯಾಹ್ನದ ಬಿಸಿಲು ಒಳಗೆ ನಾಲ್ಕೂವರೆ ಅಡಿ ಬಂದು ಒರಳುಕಲ್ಲನ್ನು ಮುಟ್ಟೋದು ಈ ತಿಂಗಳಲ್ಲಿ ಮಾತ್ರ, ಯುಗಾದಿ ಹೊತ್ತಿಗೆ ಒಂದೂವರೆ ಅಡಿಗೆ ಹಿಂದೆ ಸರಿದಿರುತ್ತೆ. ಐರ್ಲೆಂಡಿನ ನ್ಯೂಗ್ರೇಂಜ್‌ನಲ್ಲಿ 5000 ವರ್ಷದ ಹಿಂದಿನ ಕಲ್ಲುಗೋರಿಯೊಂದಿದೆ, ಈ ಅಯನದ ದಿನಗಳ ಮುಂಜಾವಿನಲ್ಲಿ ಮಾತ್ರ ಬಿಸಿಲು ಅದರ ಒಳಗಿನ ಕೋಣೆಗೆ ಹೋಗುತ್ತೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಮೇಲೆ ಸಂಕ್ರಾಂತಿಗೆ ಬಿಸಿಲು ಬೀಳೋದು ನಿಮಗೆಲ್ಲ ಗೊತ್ತು. ನಮ್ಮನೆಗೆ ಒರಳು. ದಿನಾ ಬಿಸಿಲಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳಿ ಅಂದೆ. ಗಂಟೆ ನಿಮಿಷ ಎಲ್ಲ ವಾಟ್ಸಾಪ್ ಮಾಡಿದೆ.

21, 23, 25. ಅಪ್ಪ ಫೋಟೋ ಕಳಿಸಿದ್ದು ಒಂದೇ ದಪ್ಪ ಗೆರೆ. "ಮೂರು ಎಳೆದಿದ್ದೀನಿ ಕಣಮ್ಮ, ಒಂದರ ಮೇಲೊಂದು ಕೂತವೆ" ಅಂದ. ಲೆಕ್ಕ ಹಾಕಿದರೆ ನಾಲ್ಕು ದಿನಕ್ಕೆ ಮೂರು ಮಿಲಿಮೀಟರ್ ಸರಿದಿರಬೇಕು, ಬಿಸಿಲಿನ ಅಂಚಿನ ಮಸುಕೇ ಅದಕ್ಕಿಂತ ಅಗಲ. ನಮ್ಮ ಚಿಪ್ಪಿನ ಪಾಡೇ ಅಪ್ಪನದೂ.

ಈ ನಡುವೆ ಇಲ್ಲಿ ಒಂದು ರಾತ್ರಿ ಆಕಾಶವೆಲ್ಲ ಹಸಿರಾಗಿ ಕುಣಿಯಿತು. ಸೂರ್ಯನಿಂದ ಹೊರಟ ಕಣಗಳ ಬಿರುಗಾಳಿ ಇಲ್ಲಿಗೆ ಬರೋಕೆ ಒಂದರಿಂದ ಮೂರು ದಿನ ಬೇಕು. ಸೂರ್ಯನ ರೇಡಿಯೋ ಸದ್ದು ಮಾತ್ರ ಎಂಟೇ ನಿಮಿಷಕ್ಕೆ ಭೂಮಿ ಮುಟ್ಟುತ್ತೆ, ಅದನ್ನು ಕೇಳಿಸಿಕೊಳ್ಳೋ ಆಂಟೆನಾಗಳು ಇರೋದು ನಮ್ಮ ಗೌರಿಬಿದನೂರಲ್ಲೇ. ಚಿಕ್ಕವಳಿದ್ದಾಗ ಬಸ್ಸಿನಿಂದ ಆ ಕಂಬ, ತಂತಿಗಳನ್ನು ನೋಡಿ ಬಟ್ಟೆ ಒಣಹಾಕೋಕೆ ಅಂದುಕೊಂಡಿದ್ದೆ. ಸೂರ್ಯನಿಲ್ಲದ ಊರಿನಲ್ಲಿ ಕೂತು ನೆನೆಸಿಕೊಂಡರೆ ನಗು ಬರುತ್ತೆ.

ಹೊಸ ವರ್ಷದ ಮೊದಲ ದಿನಗಳಲ್ಲಿ ಇಲ್ಲಿ ಸೂರ್ಯ ಒಂದು ಚೂರು ಅಂಚು ತೋರಿಸಿ ಒಳಗೆ ಹೋದ. ಎಲ್ಲರೂ ಕಿಟಕಿಗೆ ಓಡಿದರು, ನಾನು ಹೋಗೋಷ್ಟರಲ್ಲಿ ಮೋಡ. ಮೊದಲು ಕಂಡಿದ್ದು ಮೂರು ದಿನ ಬಿಟ್ಟು. ಅಮ್ಮನಿಗೆ ಹೇಳಿದೆ, ಅವಳು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದಳಂತೆ.

ಸಂಕ್ರಾಂತಿ ದಿನ ಊರಿಂದ ಫೋಟೋ ಬಂತು. ಎಳ್ಳುಬೆಲ್ಲದ ತಟ್ಟೆ, ಕಬ್ಬಿನ ತುಂಡು, ಸಕ್ಕರೆ ಅಚ್ಚಿನ ಗಿಳಿ, ಹಿತಕಿದ ಅವರೆಬೇಳೆ ಸಾರಿನ ಪಾತ್ರೆ (ಇದನ್ನು ಕಳಿಸಿದ್ದು ಶುದ್ಧ ಕ್ರೌರ್ಯ, ಇಲ್ಲಿ ಸಿಗೋ ಡಬ್ಬಿ ಕಾಳಿಗೆ ಸೊಗಡು ಎಲ್ಲಿಂದ ಬರಬೇಕು). ಕೊನೇ ಫೋಟೋದಲ್ಲಿ ಒರಳು. ಹೊಸ ಗೆರೆ ಹಳೇದರಿಂದ ನಾಲ್ಕಿಂಚು ಬಾಗಿಲ ಕಡೆಗೆ ಸರಿದಿತ್ತು. ಪಕ್ಕದಲ್ಲಿ ಅಜ್ಜಿಯ ಕೈ, ಅಳತೆ ತೋರಿಸೋಕೆ ನಾಲ್ಕು ಬೆರಳು ಅಡ್ಡ ಇಟ್ಟಿದ್ದಳು, ಆಚೆಗೂ ಸ್ವಲ್ಪ ಜಾಗ ಉಳಿದಿತ್ತು.

ಸಂಜೆ ಅಮ್ಮನ ಫೋನು. "ನಿಂ ರಾಕೆಟ್ಟಿಗೆ ಇನ್ನೊಂದು ಡಬ್ಬಿ ಪೌಡರ್ ಕಳಿಸ್ಲಾ? ಈ ಸಲ ಗಂಧದ್ದು ಐತೆ."