ತುಲಾ ತಿಂಗಳಲ್ಲಿ ಮದುವೆ, ಬರುವವರು ಕೊಡೆ ತನ್ನಿ

ನಮ್ಮ ಮದುವೆ ದೀಪಾವಳಿ ಕಳೆದ ಮೇಲೆ, ನೀರ್ಚಾಲಿನ ಹತ್ತಿರ, ನಮ್ಮ ಮನೆಯ ಅಂಗಳದಲ್ಲೇ. ಹಾಲ್ ಯಾಕೆ ಬುಕ್ ಮಾಡಿಲ್ಲ ಅಂತ ಕೇಳಿದವರೇ ಜಾಸ್ತಿ. ಹುಡುಗ ಮೈಸೂರಿನವನು, ಅವನ ಕಡೆಯವರಲ್ಲಿ ಹೆಚ್ಚಿನವರು ಕೇರಳದ ಗಡಿಯ ತಲಪಾಡಿ ದಾಟಿದ್ದೇ ಇಲ್ಲ. ಅಷ್ಟು ದೂರದಿಂದ ಬಂದವರನ್ನು ಎಸಿ ಹಾಲಿನಲ್ಲಿ ಕೂರಿಸಿ, ಊಟ ಹಾಕಿ, ಹಾಗೇ ಬಸ್ಸು ಹತ್ತಿಸಿದರೆ ಕಾಸರಗೋಡಿಗೆ ಬಂದು ಏನು ನೋಡಿದ ಹಾಗಾಯಿತು?

ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಟ್ಟುಕೊಳ್ಳುವುದಿಲ್ಲ. ಬೇಸಿಗೆಯವರೆಗೆ ಕಾಯುವುದಕ್ಕೆ ಅವನ ರಜೆ ಒಪ್ಪಲಿಲ್ಲ. ಉಳಿದದ್ದು ತುಲಾ ತಿಂಗಳು, ಅಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ. ಆಗಿನ ಮಳೆಯ ರೀತಿಯೇ ಬೇರೆ. ಬೆಳಗ್ಗೆ ಕಣ್ಣು ಬಿಡಲಾಗದ ಬಿಸಿಲು. ಮಧ್ಯಾಹ್ನ ದಾಟಿದ ಮೇಲೆ ಮೂಡು ಕಡೆ ಘಟ್ಟದ ಮೇಲೆ ಕಪ್ಪಾಗಲು ಶುರು, ಆಮೇಲೆ ಸಿಡಿಲು ಗುಡುಗಿನ ಜೊತೆ ಸುರಿಯುವ ಮಳೆ, ಮನೆಯವರೆಲ್ಲ ಓಡಿ ಟಿವಿ, ಫ್ರಿಜ್ಜು, ಮೋಡೆಮ್ ಎಲ್ಲದರ ಪ್ಲಗ್ ಕಿತ್ತಿಡುತ್ತಾರೆ. ಅದಕ್ಕೇ ಜೋಯಿಸರ ಹತ್ತಿರ ಅಪ್ಪ ಮೊದಲೇ ಹೇಳಿಬಿಟ್ಟರು, ಮುಹೂರ್ತ ಬೇಗದ್ದು ಇರಲಿ ಅಂತ. ಧನುರ್ಲಗ್ನ ಸಿಕ್ಕಿದೆ, ಬೆಳಗ್ಗೆ ಹತ್ತೂವರೆಗೆ. ಊಟದ ಎರಡು ಹಂತಿ ಮಳೆಗೆ ಮುಂಚೆ ಎದ್ದರೆ ನಾವು ಗೆದ್ದ ಹಾಗೆ.

ಅವನು ದಿನಾ ರಾತ್ರಿ ಫೋನ್ ಮಾಡಿ "ಇನ್ನೆಷ್ಟು ದಿನ ಹೇಳು" ಅನ್ನುತ್ತಾನೆ. ನನಗೆ ದಿನದ ಲೆಕ್ಕ ತಲೆಯಲ್ಲಿ ನಿಲ್ಲುವುದೇ ಇಲ್ಲ. ರವಿಕೆ ಹೊಲಿಗೆಗೆ ಕೊಟ್ಟಾಯಿತಾ, ಪಾತ್ರೆ ಬಾಡಿಗೆಗೆ ಹೇಳಿ ಆಯಿತಾ, ಅಜ್ಜಿಯ ಕಡೆಯವರಿಗೆ ಮದುವೆಗೆ ಕರೆಯುವ ಹೇಳಿಕೆ ಹೋಯಿತಾ, ಅಷ್ಟೇ. ಹೇಳಿಕೆ ಕಾಗದ ಮೊದಲು ಮಧೂರಿನಲ್ಲಿ ದೇವರ ಎದುರು ಇಟ್ಟು ಬಂದೆವು. ಒಂದು ಪ್ರತಿಯನ್ನು ಪಂಚಾಯತಿಗೆ ಅಂತ ಎತ್ತಿಟ್ಟಿದ್ದೇನೆ. ಕೇರಳದಲ್ಲಿ ಮದುವೆಯಾಗಿ 45 ದಿನದೊಳಗೆ ನೋಂದಣಿ ಮಾಡಿಸಬೇಕು. "ಮದುವೆ ಆದ ಮೇಲೂ ಕೌಂಟ್‌ಡೌನ್ ಇದೆ ಮಾರಾಯ" ಅಂದರೆ ಅವನಿಗೆ ನಗು.

ಅಂಗಳದ್ದೇ ದೊಡ್ಡ ಕೆಲಸ. ಜೂನಿನಿಂದ ಮಳೆ ತಿಂದ ಅಂಗಳದಲ್ಲಿ ಪಾಚಿ ಕಟ್ಟಿ, ಹೊಸಬರು ಕಾಲಿಟ್ಟರೆ ನೇರ ತುಳಸಿಕಟ್ಟೆಯವರೆಗೆ ಜಾರಿಕೊಂಡು ಹೋಗುತ್ತಾರೆ. ಅದನ್ನು ಹಾರೆಯಲ್ಲಿ ಕೆರೆದು, ಮಣ್ಣು ಹಾಕಿ, ಬಡಿದು ಗಟ್ಟಿ ಮಾಡಿ, ಸೆಗಣಿ ಸಾರಿಸಬೇಕು. ಹೇಗೂ ಅಡಿಕೆ ಒಣಗಿಸಲು ಅಂಗಳ ಮಾಡಲೇಬೇಕಲ್ವಾ, ಒಂದೇ ಖರ್ಚಿನಲ್ಲಿ ಎರಡು ಕೆಲಸ ಅಂತ ಅಮ್ಮ. ಅಪ್ಪನಿಗೆ ಮಾತ್ರ ಚಪ್ಪರದ ಕಂಬಕ್ಕೆ ಅಷ್ಟು ಗುಂಡಿ ತೋಡುತ್ತಾರಲ್ಲ ಅಂತ ಹೊಟ್ಟೆಯುರಿ. ಮಗಳ ಮದುವೆಗಿಂತ ಅಂಗಳವೇ ಹೆಚ್ಚಾ ಅಂತ ಕೇಳಿದರೆ ಉತ್ತರ ಇಲ್ಲ, ಸುಮ್ನೆ ತೋಟದ ಕಡೆ ನಡೆಯುತ್ತಾರೆ.

ಇನ್ನು ಬರುವವರಿಗೆ. ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ, ಆದರೆ ಮದುವೆ ದಿನ ಬೆಳಗ್ಗೆ ಇಳಿಯುವ ಲೆಕ್ಕ ಹಾಕಬೇಡಿ. ರೈಲು ಸ್ವಲ್ಪ ತಡವಾದರೂ ಧಾರೆ ತಪ್ಪುತ್ತದೆ. ಹಿಂದಿನ ದಿನವೇ ಬನ್ನಿ. ಮಂಗಳೂರಿನಿಂದ ಕಾರಿನಲ್ಲಿ ಬರುವವರು ಕುಂಬಳೆಯಲ್ಲಿ ಎಡಕ್ಕೆ ತಿರುಗಿ, ಸೀತಾಂಗೋಳಿ ದಾಟಿದ ಮೇಲೆ ಫೋನ್ ಮಾಡಿ. ಹೊಸ ಆರು ಪಥದ ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆಗೆ ಇಳಿಯುವುದನ್ನು ಮರೆತರೆ ಮುಂದೆ ಎಲ್ಲೋ ಹೋಗಿ ತಿರುಗಿ ಬರಬೇಕಾಗುತ್ತದೆ, ಊರಿನವರಾದ ನಮಗೇ ಅದಿನ್ನೂ ಪಳಗಿಲ್ಲ.

ಬಂದ ಕೂಡಲೇ ನಮ್ಮ ದೊಡ್ಡಮ್ಮ ಬೆಲ್ಲ ನೀರು ಹಿಡಿದು "ಆಸರಿಂಗೆ ಎಂತ ಅಕ್ಕು?" ಅಂತ ಕೇಳುತ್ತಾರೆ. ಕುಡಿಯಲು ಏನು ಬೇಕು ಅಂತ ಅಷ್ಟೇ, ಗಾಬರಿ ಬೇಡ. ಮಜ್ಜಿಗೆ ಅನ್ನಿ. ಪೇಪರ್ ಲೋಟ, ಪ್ಲಾಸ್ಟಿಕ್ ಬಾಟಲಿ ಹುಡುಕಬೇಡಿ. ಸ್ಟೀಲ್ ಲೋಟ, ಬಾಳೆಲೆ, ಅದರಲ್ಲೂ ನಮ್ಮ ತೋಟದ್ದೇ ಕೊಡಿ ಎಲೆ, ಅಂದರೆ ತುದಿಯ ಎಲೆ. ಸಂಜೆ ಮಳೆ ಬಿಟ್ಟರೆ ಅನಂತಪುರದ ಸರೋವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಲು ನನ್ನ ತಮ್ಮ ತಯಾರಿದ್ದಾನೆ. ಅಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಅದು ನಿಮಗೆ ಕಾಣುತ್ತದೆ ಅಂತ ತಮ್ಮ ಮಾತು ಕೊಟ್ಟರೆ ನಂಬಬೇಡಿ.

ಉಡುಗೊರೆ ಬೇಡ. ಎಷ್ಟು ಜನ, ಯಾವ ಹೊತ್ತಿಗೆ ಅಂತ ಮಾತ್ರ ಈ ವಾರದೊಳಗೆ ತಿಳಿಸಿಬಿಡಿ. ಅಡಿಗೆ ಭಟ್ರು ಹೋಳಿಗೆಯ ಲೆಕ್ಕ ಕೇಳಿ ದಿನಾ ಫೋನ್ ಮಾಡುತ್ತಿದ್ದಾರೆ, ನಾನು ದಿನಾ "ನಾಳೆ ಹೇಳುತ್ತೇನೆ ಭಟ್ರೇ" ಅನ್ನುತ್ತಿದ್ದೇನೆ.