ಮೈಎಸ್‌ಕ್ಯುಎಲ್ ತೆರೆಯಲು ಐದು ಸಾಲಿನ ಬ್ಯಾಚ್ ಫೈಲ್

ವಿಂಡೋಸ್‌ನಲ್ಲಿ ಮೈಎಸ್‌ಕ್ಯುಎಲ್ 8.0 ಎಂಬ ಡೇಟಾಬೇಸ್ ಪ್ರೋಗ್ರಾಂ ಹಾಕಿಕೊಂಡು, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಮೈಎಸ್‌ಕ್ಯುಎಲ್’ ಎಂದು ಹೊಡೆದರೆ ಸಾಮಾನ್ಯವಾಗಿ ಅಂಥ ಕಮಾಂಡೇ ಇಲ್ಲ ಎಂಬ ಉತ್ತರ ಬರುತ್ತದೆ. ಪ್ರೋಗ್ರಾಂ ಇರುವುದು ಸಿ ಡ್ರೈವ್‌ನ ‘ಪ್ರೋಗ್ರಾಂ ಫೈಲ್ಸ್’ ಒಳಗೆ, ಮೈಎಸ್‌ಕ್ಯುಎಲ್ ಸರ್ವರ್ 8.0ರ ‘ಬಿನ್’ ಫೋಲ್ಡರ್‌ನಲ್ಲಿ. ಆ ವಿಳಾಸ ಪಾತ್‌ಗೆ (ವಿಂಡೋಸ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿರುವುದಿಲ್ಲ, ಅಷ್ಟೆ. ದಿನವೂ ಅದನ್ನು ಹೊಡೆಯುವ ಬದಲು ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ .bat ಫೈಲ್) ಬರೆದಿಟ್ಟರೆ ಡಬಲ್ ಕ್ಲಿಕ್‌ನಲ್ಲಿ ಮುಗಿಯಿತು.

ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಕಮಾಂಡ್‌ಗಳನ್ನು ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಮೊದಲ ಸಾಲು ‘@ಎಕೋ ಆಫ್’. ಎರಡನೆಯದು ‘ಸಿಡಿ /ಡಿ’, ಅದರ ಮುಂದೆ ಜೋಡಿ ಉದ್ಧರಣ ಚಿಹ್ನೆಯೊಳಗೆ ‘%~ಡಿಪಿ0’. ಬ್ಯಾಚ್ ಫೈಲ್ ಇರುವ ಫೋಲ್ಡರ್‌ಗೇ ಹೋಗು ಎಂದು ಇದರ ಅರ್ಥ. ಇದನ್ನು ಬಿಟ್ಟು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟರೆ ಫೈಲ್ ಸಿಸ್ಟಂ32 ಫೋಲ್ಡರ್‌ನಿಂದ ಓಡಲು ಶುರುವಾಗುತ್ತದೆ; ಪಕ್ಕದಲ್ಲೇ ಇಟ್ಟ ಅಭ್ಯಾಸದ ಫೈಲನ್ನು ಮೈಎಸ್‌ಕ್ಯುಎಲ್ ಒಳಗಿನಿಂದ ‘ಸೋರ್ಸ್’ ಕಮಾಂಡ್‌ನಿಂದ ಕರೆದರೂ ಸಿಗುವುದಿಲ್ಲ. ಮೂರನೆಯದು ‘ಸಿಎಚ್‌ಸಿಪಿ 65001’, ಯೂನಿಕೋಡ್‌ಗಾಗಿ (ಕನ್ನಡದಂಥ ಲಿಪಿಗಳನ್ನೂ ಬರೆಯಲಾಗುವ ಸಂಕೇತ ಪದ್ಧತಿ). ನಾಲ್ಕನೆಯದು ಅಸಲಿ ಸಾಲು: ಮೈಎಸ್‌ಕ್ಯುಎಲ್ ಪ್ರೋಗ್ರಾಂನ ಪೂರ್ತಿ ವಿಳಾಸ, ನಂತರ ‘-ಯು’ ಮತ್ತು ಬಳಕೆದಾರನ ಹೆಸರು, ‘-ಪಿ’ (ಎರಡೂ ಸಣ್ಣ ಅಕ್ಷರ), ಕೊನೆಗೆ ಡೇಟಾಬೇಸ್ ಹೆಸರು. ವಿಳಾಸದ ನಡುವೆ ಖಾಲಿ ಜಾಗಗಳಿರುವುದರಿಂದ ಅದನ್ನೂ ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಐದನೆಯದು ‘ಪಾಸ್’ (pause, ತಡೆದು ನಿಲ್ಲು ಎಂದರ್ಥ). ಅದಿಲ್ಲದಿದ್ದರೆ ತಪ್ಪು ಬಂದ ಕೂಡಲೇ ಕಪ್ಪು ಕಿಟಕಿ ಮಾಯವಾಗಿ, ಏನು ತಪ್ಪೆಂದು ಓದಲೂ ಆಗುವುದಿಲ್ಲ.

ಕಲಿಯುವವರು ಅತಿ ಹೆಚ್ಚು ಎಡವುವ ಜಾಗ ನಾಲ್ಕನೆಯ ಸಾಲಿನ ಆಚೆ ಇದೆ. ಅದರ ಕೆಳಗೆ ‘ಯೂಸ್ ಕಾಲೇಜ್;’ ಎಂದೋ ‘ಶೋ ಟೇಬಲ್ಸ್;’ ಎಂದೋ ಬರೆದು, ಅದು ತಾನಾಗಿಯೇ ಮೈಎಸ್‌ಕ್ಯುಎಲ್‌ಗೆ ತಲುಪುತ್ತದೆಂದು ಕಾಯುತ್ತಾರೆ. ತಲುಪುವುದಿಲ್ಲ. ಮೈಎಸ್‌ಕ್ಯುಎಲ್‌ನಿಂದ ‘ಕ್ವಿಟ್’ ಕೊಟ್ಟು ಹೊರಬಂದ ಮೇಲಷ್ಟೇ ಬ್ಯಾಚ್ ಫೈಲ್ ಮುಂದಿನ ಸಾಲಿಗೆ ಹೋಗುತ್ತದೆ. ಆಗ ‘ಯೂಸ್’ ಎಂಬ ಕಮಾಂಡ್ ಗೊತ್ತಿಲ್ಲ ಎಂದು ವಿಂಡೋಸ್ ಹೇಳುತ್ತದೆ. ಎಸ್‌ಕ್ಯುಎಲ್ ಸಾಲುಗಳನ್ನು ಬೇರೆ ಫೈಲ್‌ನಲ್ಲಿಟ್ಟು ‘<’ ಚಿಹ್ನೆಯಿಂದ ಒಳಗೆ ಕಳಿಸಬಹುದು. ಹಾಗೆ ಕಳಿಸಿದಾಗ ಮೊದಲ ತಪ್ಪಿಗೇ ಓಟ ನಿಲ್ಲುತ್ತದೆ, ಉತ್ತರವೂ ಚೌಕಟ್ಟಿಲ್ಲದೆ ಬರುತ್ತದೆ. ಚೌಕಟ್ಟು ಬೇಕಿದ್ದರೆ ಸಣ್ಣ ಅಕ್ಷರದ ‘-ಟಿ’ ಸೇರಿಸಿ.

ಫೈಲ್‌ಗೆ ಮೈಎಸ್‌ಕ್ಯುಎಲ್ ಎಂದೇ ಹೆಸರಿಡಬೇಡಿ. ಒಳಗೆ ಪೂರ್ತಿ ವಿಳಾಸ ಕೊಡದೆ ಬರೀ ಹೆಸರಿನಿಂದ ಕರೆದಿದ್ದರೆ, ವಿಂಡೋಸ್ ಮೊದಲು ಇದೇ ಫೋಲ್ಡರ್ ನೋಡುತ್ತದೆ, ಬ್ಯಾಚ್ ಫೈಲ್ ತನ್ನನ್ನೇ ಕರೆದುಕೊಂಡು ಸುತ್ತುತ್ತಲೇ ಇರುತ್ತದೆ. ಕಂಟ್ರೋಲ್-ಸಿ ಒತ್ತದೆ ಬಿಡುಗಡೆಯಿಲ್ಲ.

ಪಾಸ್‌ವರ್ಡನ್ನು ಫೈಲ್‌ನಲ್ಲಿ ಬರೆಯುವುದು ಸೋಮಾರಿತನ. ಫೈಲ್ ನಕಲು ಮಾಡಿಕೊಂಡವರಿಗೆಲ್ಲ ಅದು ಸಿಗುತ್ತದೆ. ಬರೀ ‘-ಪಿ’ ಸಾಕು, ಅದೇ ಕೇಳುತ್ತದೆ. ‘-ಪಿ’ ಆದ ಮೇಲೆ ಜಾಗ ಬಿಟ್ಟು ಪಾಸ್‌ವರ್ಡ್ ಬರೆದರಂತೂ ಅದನ್ನು ಡೇಟಾಬೇಸ್ ಹೆಸರೆಂದು ತಿಳಿಯುತ್ತದೆ. ದೊಡ್ಡ ಅಕ್ಷರದ ‘-ಪಿ’ ಪೋರ್ಟ್‌ಗೆ (ಸರ್ವರ್ ಸಂಪರ್ಕಿಸುವ ಬಾಗಿಲಿನ ಸಂಖ್ಯೆಗೆ) ಸಂಬಂಧಿಸಿದ್ದು. ಮಾಮೂಲು ಪೋರ್ಟ್ 3306. ತಪ್ಪಿನ ಸಂಖ್ಯೆ 1045 ಆದರೆ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ. 2003 ಬಂದು ಜೊತೆಗೆ 10061 ಕಂಡರೆ ಸರ್ವರ್ ಓಡುತ್ತಿಲ್ಲ ಎಂದೇ ಮೊದಲು ಅನುಮಾನಿಸಿ, ವಿಂಡೋಸ್‌ನ ಸರ್ವಿಸಸ್ ಪಟ್ಟಿಯಲ್ಲಿ ‘ಮೈಎಸ್‌ಕ್ಯುಎಲ್80’ ಹುಡುಕಿ ಸ್ಟಾರ್ಟ್ ಮಾಡಿ.

ನಾಲ್ಕನೆಯ ಸಾಲಿಗೆ ‘--ಸೇಫ್-ಅಪ್‌ಡೇಟ್ಸ್’ ಸೇರಿಸುವುದು ಒಳ್ಳೆಯದು. ‘ವೇರ್’ (ಯಾವ ಸಾಲುಗಳು ಎಂಬ ಷರತ್ತು) ಮರೆತ ‘ಡಿಲೀಟ್’ ಆಗ 1175 ಎಂಬ ತಪ್ಪು ತೋರಿಸಿ ನಿಲ್ಲುತ್ತದೆ. (ಇದೇ ಆಯ್ಕೆಗೆ ‘ಐ-ಆಮ್-ಎ-ಡಮ್ಮಿ’ ಎಂಬ ಇನ್ನೊಂದು ಹೆಸರೂ ಉಂಟು, ಬರೆದವರ ಕುಚೇಷ್ಟೆ.) ಇದರಲ್ಲೊಂದು ಕೊಕ್ಕೆಯಿದೆ: ‘ಸೆಲೆಕ್ಟ್’ ಕೂಡ 1000 ಸಾಲಿಗೆ ಮೊಟಕಾಗುತ್ತದೆ. ‘ವರ್ಲ್ಡ್’ ಮಾದರಿ ಡೇಟಾಬೇಸ್‌ನ ‘ಸಿಟಿ’ ಟೇಬಲ್‌ನಲ್ಲಿ ‘ಕೌಂಟ್’ 4079 ಎನ್ನುತ್ತದೆ, ಪಟ್ಟಿ ಮಾತ್ರ 1000ಕ್ಕೆ ನಿಲ್ಲುತ್ತದೆ. ‘--ಸೆಲೆಕ್ಟ್-ಲಿಮಿಟ್=5000’ ಕೊಟ್ಟರೆ ಪೂರ್ತಿ ಬರುತ್ತದೆ. ‘--ಟೀ’ ಜೊತೆ ಫೈಲ್ ಹೆಸರು ಕೊಟ್ಟರೆ ಆ ದಿನ ಹೊಡೆದ ಪ್ರಶ್ನೆ, ಬಂದ ಉತ್ತರ ಎರಡೂ ಆ ಫೈಲ್‌ನ ಕೊನೆಗೆ ಸೇರುತ್ತಾ ಹೋಗುತ್ತವೆ.

ಕನ್ನಡದ ಹೆಸರುಗಳನ್ನು ತುಂಬುವವರು ‘--ಡಿಫಾಲ್ಟ್-ಕ್ಯಾರೆಕ್ಟರ್-ಸೆಟ್=ಯುಟಿಎಫ್8ಎಂಬಿ4’ ಕೂಡ ಸೇರಿಸಬೇಕು. ಕಪ್ಪು ಕಿಟಕಿಯಲ್ಲಿ ಒತ್ತಕ್ಷರ ಒಡೆದು ಕಾಣಬಹುದು, ಬರೀ ಚೌಕಗಳೂ ಕಾಣಬಹುದು. ಅಷ್ಟಕ್ಕೇ ಡೇಟಾ ಕೆಟ್ಟಿದೆ ಎನ್ನಲಾಗದು. ‘ಕನ್ನಡ’ ಎಂಬ ಪದ ತುಂಬಿದ ಕಾಲಂ ಮೇಲೆ ‘ಕ್ಯಾರ್_ಲೆಂಗ್ತ್’ (ಸಂಕೇತಗಳ ಎಣಿಕೆ) ಮತ್ತು ‘ಲೆಂಗ್ತ್’ (ಬೈಟ್‌ಗಳ ಎಣಿಕೆ) ಎರಡನ್ನೂ ಓಡಿಸಿ ನೋಡಿ. ಯೂನಿಕೋಡ್ ಲೆಕ್ಕದಲ್ಲಿ ಅದು ಕ, ನ, ಹಲಂತ ಚಿಹ್ನೆ (್), ನ, ಡ ಎಂಬ 5 ಸಂಕೇತ, ಒಂದೊಂದಕ್ಕೆ 3 ಬೈಟ್. ಉತ್ತರ 5 ಮತ್ತು 15 ಬಂದರೆ ಡೇಟಾ ಸರಿಯಾಗಿದೆ, ಕಾಣುವುದರಲ್ಲಷ್ಟೇ ದೋಷ. ಎರಡೂ 5 ಬಂದರೆ ಐದು ಪ್ರಶ್ನೆ ಚಿಹ್ನೆಗಳು ಉಳಿದಿವೆ ಎಂದೇ ತಿಳಿಯಿರಿ. ಆ ಸಾಲನ್ನು ಅಳಿಸಿ ಮತ್ತೆ ತುಂಬಬೇಕು.