ಕ್ಯಾನ್ಸರ್ ಬಂದಮೇಲೂ ವೈರಸ್‌ಗೆ ಮಾತ್ರೆ ಯಾಕೆ?

ಲಿವರ್ ವಿಭಾಗದಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಹೆಪಟೈಟಿಸ್ ಸಿ ಅನ್ನುವ ಲಿವರ್ ವೈರಸ್‌ನ ಮಾತ್ರೆ ಶುರುವಾಗುವ ಮುಂಚೆ ರೋಗಿಯ ಉಳಿದ ಔಷಧಿಗಳನ್ನೆಲ್ಲ ನೋಡುವುದು ನನ್ನ ಕೆಲಸ. ಲಿವರ್ ಕ್ಯಾನ್ಸರ್ ಇರುವವರ ಮನೆಯವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. “ಮೇಡಂ, ಕ್ಯಾನ್ಸರೇ ಬಂದಾಯ್ತು. ಇನ್ನು ವೈರಸ್ ಹೋದರೆಷ್ಟು, ಇದ್ದರೆಷ್ಟು?”

ಸರಿಯಾದ ಪ್ರಶ್ನೆಯೇ. ಆದರೆ ಇವರಲ್ಲಿ ಹೆಚ್ಚಿನವರಿಗೆ ಎರಡು ಕಾಯಿಲೆ ಒಟ್ಟಿಗಿರುತ್ತವೆ. ಒಂದು ಗೆಡ್ಡೆ. ಇನ್ನೊಂದು ಸಿರೋಸಿಸ್, ಅಂದರೆ ವೈರಸ್‌ನಿಂದ ವರ್ಷಗಟ್ಟಲೆ ಪೆಟ್ಟು ತಿಂದು ಗಟ್ಟಿಯಾದ ಲಿವರ್. ಗೆಡ್ಡೆಯನ್ನು ಕತ್ತರಿಸಿಯೋ ಸುಟ್ಟೋ ತೆಗೆದರೂ ಆ ಲಿವರ್ ಅಲ್ಲೇ ಇರುತ್ತದೆ. ಹೊಟ್ಟೆಯಲ್ಲಿ ನೀರು, ಕಾಮಾಲೆ, ರಕ್ತವಾಂತಿ ಎಲ್ಲ ಬರುವುದು ಅದು ಕೈಕೊಟ್ಟಾಗ. ಎಷ್ಟೋ ರೋಗಿಗಳು ತೀರಿಹೋಗುವುದು ಗೆಡ್ಡೆಗಿಂತ ಮೊದಲು ಲಿವರ್ ಸೋತು. ಇನ್ನೊಂದು ಮಾತೂ ಇದೆ. ಈ ಕ್ಯಾನ್ಸರ್ ಮರುಕಳಿಸುವುದು ಜಾಸ್ತಿ. ಆಗ ಮತ್ತೆ ಚಿಕಿತ್ಸೆ ಕೊಡಬಹುದೇ ಅಂತ ಡಾಕ್ಟರುಗಳು ಚರ್ಚಿಸುವಾಗ ಗೆಡ್ಡೆಯ ಗಾತ್ರದಷ್ಟೇ ಮುಖ್ಯವಾಗುವುದು ಲಿವರ್‌ನಲ್ಲಿ ಎಷ್ಟು ಶಕ್ತಿ ಉಳಿದಿದೆ ಅನ್ನುವುದು. ವೈರಸ್ ಹೋದರೆ ಆ ಶಕ್ತಿ ಉಳಿಯುತ್ತದೆ, ಕೆಲವರಲ್ಲಿ ಸ್ವಲ್ಪ ಸುಧಾರಿಸುತ್ತದೆ ಕೂಡ.

ಇಂಟರ್‌ಫೆರಾನ್ ಇಂಜೆಕ್ಷನ್ ಕಾಲದಲ್ಲಿ ಇಂಥ ರೋಗಿಗಳಿಗೆ ಅದನ್ನು ಕೊಡುವುದೇ ಕಷ್ಟವಿತ್ತು, ಸೋತ ಲಿವರ್ ಅದನ್ನು ತಡೆದುಕೊಳ್ಳುತ್ತಿರಲಿಲ್ಲ. 2013ರ ಕೊನೆಯಲ್ಲಿ ಸೋಫೋಸ್‌ಬುವಿರ್ ಬಂದಮೇಲೆ ಆಟವೇ ಬದಲಾಯಿತು. ಬರೀ ಮಾತ್ರೆ, ಸಾಮಾನ್ಯವಾಗಿ 12 ವಾರ.

ಆಮೇಲೆ 2016ರಲ್ಲಿ ಒಂದು ಗಾಬರಿ. ಸ್ಪೇನ್‌ನ ತಂಡವೊಂದು, ಕ್ಯಾನ್ಸರ್ ವಾಸಿಯಾಗಿ ಈ ಮಾತ್ರೆ ತಗೊಂಡ 58 ಜನರಲ್ಲಿ 16 ಜನರಿಗೆ ಕೆಲವೇ ತಿಂಗಳಲ್ಲಿ ಗೆಡ್ಡೆ ಮರುಕಳಿಸಿತು ಅಂತ ಬರೆಯಿತು. ಮಾತ್ರೆಯೇ ಕ್ಯಾನ್ಸರ್ ಕೆರಳಿಸುತ್ತದೆಯೇ ಅನ್ನುವ ಅನುಮಾನ ಎಲ್ಲ ಕಡೆ ಹಬ್ಬಿತು. ಆದರೆ ಅಲ್ಲಿ ಮಾತ್ರೆ ತಗೊಳ್ಳದವರ ಗುಂಪು ಇರಲಿಲ್ಲ. ಹೋಲಿಸಲು ಯಾರೂ ಇಲ್ಲದಿದ್ದರೆ 16 ಜಾಸ್ತಿಯೋ ಕಡಿಮೆಯೋ ಹೇಳುವುದು ಹೇಗೆ, ಅಲ್ವಾ?

2019ರಲ್ಲಿ ಅಮೆರಿಕ ಮತ್ತು ಕೆನಡಾದ 31 ಕಡೆಗಳಿಂದ ಸುಮಾರು 800 ರೋಗಿಗಳ ಲೆಕ್ಕ ಬಂತು. ಎಲ್ಲರೂ ಚಿಕಿತ್ಸೆಯಿಂದ ಗೆಡ್ಡೆ ಪೂರ್ತಿ ಹೋದವರು. ಮಾತ್ರೆಯಿಂದ ಮರುಕಳಿಕೆ ಹೆಚ್ಚಾಗಿರಲಿಲ್ಲ. ವೈರಸ್ ಪೂರ್ತಿ ಹೋದವರಲ್ಲಿ ಸಾವಿನ ಅಪಾಯ, ಮಾತ್ರೆ ತಗೊಳ್ಳದವರಿಗಿಂತ ಸುಮಾರು 70% ಕಡಿಮೆ ಇತ್ತು. ಮಾತ್ರೆ ತಗೊಂಡರೂ ವೈರಸ್ ಹೋಗದವರಿಗೆ ಆ ಲಾಭ ಕಾಣಲಿಲ್ಲ. ಇಂಥ ಅಧ್ಯಯನಗಳಲ್ಲಿ ಹೆಚ್ಚು ದಿನ ಬದುಕಿದವರಿಗೇ ಮಾತ್ರೆ ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ 70 ಅನ್ನುವ ಅಂಕಿಯನ್ನು ನಾನು ಮನೆಯವರಿಗೆ ಹೇಳಲು ಹೋಗುವುದಿಲ್ಲ. ಒಳ್ಳೆಯದಾಗುತ್ತದೆ ಅನ್ನುವ ದಿಕ್ಕಿನಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಯಾವಾಗ ಕೊಡಬೇಕು ಅನ್ನುವುದೇ ತಲೆನೋವಿನ ವಿಷಯ. ಗೆಡ್ಡೆ ಇನ್ನೂ ಇರುವಾಗ ಕೊಟ್ಟರೆ ಮಾತ್ರೆ ಕೆಲಸ ಮಾಡುವ ಪ್ರಮಾಣವೇ ಕುಸಿಯುತ್ತದೆ. ಬೇರೆಯವರಲ್ಲಿ 90ಕ್ಕೂ ಮೇಲೆ ಇರುವುದು ಇವರಲ್ಲಿ ನೂರಕ್ಕೆ 75ರ ಆಸುಪಾಸು. ಅದಕ್ಕೇ ಗೆಡ್ಡೆ ತೆಗೆದಮೇಲೆ 4ರಿಂದ 6 ತಿಂಗಳು ಕಾದು, ಸ್ಕ್ಯಾನ್ ಸ್ವಚ್ಛ ಇದೆ ಅಂತ ನೋಡಿ ಶುರು ಮಾಡುವ ರೂಢಿ ಇದೆ. ಲಿವರ್ ಕಸಿಗೆ ಕಾಯುತ್ತಿರುವವರ ಲೆಕ್ಕ ಬೇರೆ, ಕೆಲವೊಮ್ಮೆ ಕಸಿ ಆದಮೇಲೆ ಕೊಡುವುದೇ ಸರಿ. ಕ್ಯಾನ್ಸರ್ ತುಂಬ ಮುಂದುವರಿದು ಕೆಲವೇ ತಿಂಗಳು ಉಳಿದಿದ್ದರೆ ಸುಮ್ನೆ ಇನ್ನೊಂದು ಮಾತ್ರೆ ಹೇರಬಾರದು ಅನ್ನುವುದು ನನ್ನ ಅಭಿಪ್ರಾಯ.

ನನ್ನ ಟೇಬಲ್‌ಗೆ ಬಂದರೆ, ಮೊದಲು ಕೇಳುವುದು ಗ್ಯಾಸ್ ಮಾತ್ರೆ ಬಗ್ಗೆ. ಜನ ಅದನ್ನು ಔಷಧಿ ಅಂತಲೇ ಲೆಕ್ಕ ಹಿಡಿಯುವುದಿಲ್ಲ! ಆದರೆ ಆಸಿಡ್ ಕಡಿಮೆ ಮಾಡುವ ಮಾತ್ರೆಗಳು, ಸೋಫೋಸ್‌ಬುವಿರ್ ಜೊತೆ ಕೊಡುವ ವೆಲ್ಪಟಾಸ್‌ವಿರ್ ಅನ್ನುವ ಔಷಧಿ ರಕ್ತಕ್ಕೆ ಸರಿಯಾಗಿ ಸೇರದಂತೆ ಮಾಡುತ್ತವೆ. ಎದೆಬಡಿತ ಏರುಪೇರಾದವರಿಗೆ ಕೊಡುವ ಅಮಿಯೋಡರೋನ್ ಜೊತೆ ಸೋಫೋಸ್‌ಬುವಿರ್ ಸೇರಿದರೆ ಎದೆಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್, ಫೆನಿಟಾಯಿನ್, ಟಿಬಿಯ ರಿಫಾಂಪಿಸಿನ್ ಯಾವುದೂ ಜೊತೆಗೆ ಹೊಂದುವುದಿಲ್ಲ. ಹೆಪಟೈಟಿಸ್ ಬಿ ಪರೀಕ್ಷೆಯ ರಿಪೋರ್ಟ್ ಫೈಲಿನಲ್ಲಿ ಇಲ್ಲದಿದ್ದರೆ ನಾನು ಮಾತ್ರೆ ಕೊಡದೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಸಿ ಹೋಗುವಾಗ ಅಡಗಿದ್ದ ಬಿ ಎದ್ದು ಬರಬಹುದು.

ಕೊನೆಯ ಡಬ್ಬಿ ಕೊಡುವಾಗ ಎರಡು ತಾರೀಖು ಬರೆದುಕೊಡುತ್ತೇನೆ. ಒಂದು, ಮಾತ್ರೆ ಮುಗಿದ 12 ವಾರಕ್ಕೆ ವೈರಸ್‌ನ ಆರ್‌ಎನ್‌ಎ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಇನ್ನೂ ಇದೆಯೇ ಅಂತ ನೋಡುವುದು. ಇನ್ನೊಂದು, ಮುಂದಿನ ಸ್ಕ್ಯಾನ್. ವೈರಸ್ ಹೋದರೂ ಸಿರೋಸಿಸ್ ಇರುವ ತನಕ ಸ್ಕ್ಯಾನ್ ತಪ್ಪಿಸುವಂತಿಲ್ಲ. ಮುಂದೆ ಯಾವಾಗಲಾದರೂ ಆಂಟಿಬಾಡಿ ಪರೀಕ್ಷೆಯಲ್ಲಿ “ಪಾಸಿಟಿವ್” ಅಂತ ಬಂದರೆ ಹೆದರಬೇಡಿ, ಅದು ವಾಸಿಯಾದವರಲ್ಲೂ ಉಳಿದಿರುತ್ತದೆ, ಆರ್‌ಎನ್‌ಎ ನೋಡಿಸಿ ಅಂತ ಅದೇ ಚೀಟಿಯ ಕೆಳಗೆ ಬರೆಯುತ್ತೇನೆ.